ಇಂಜಿನ್ ಸಪ್ಪಳ: ಮೊದಲು ಕೇಳೋಣ, ಆಮೇಲೆ ಬಿಚ್ಚೋಣ

(ಸಂಘದ ರಜತ ಮಹೋತ್ಸವದ ನಿಮಿತ್ತ ಗುಡಗೇರಿಯಲ್ಲಿ ಜರುಗಿದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಹಕಾರ ತತ್ವದ ಬಗ್ಗೆ ನಮಗಿಂತ ತಿಳಿದವರು ಈಗಾಗಲೇ ಮಾತಾಡಿದ್ದಾರೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ನಿಮಗೆಲ್ಲ ಗೊತ್ತಿದ್ದ ಮಾತು. ನಾವು ಎಸ್.ಎಸ್.ಎಲ್.ಸಿ. ತನಕ ಓದಿದ ಒಕ್ಕಲಿಗರು. ತತ್ವ ಹೇಳಲು ಹೋದರೆ ನಡುವೆ ತಪ್ಪುತ್ತೇವೆ. ಅದಕ್ಕೆ ನಾವು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಒಂದು ವಿಷಯ ಹೇಳುತ್ತೇವೆ. ಅದು ಇಂಜಿನ್ ಸಪ್ಪಳ.

ನಗಬ್ಯಾಡ್ರಿ. ಈಗ ನಮ್ಮ ಊರಾಗ ಎತ್ತಿಗಿಂತ ಇಂಜಿನ್ ಹೆಚ್ಚಾಗ್ಯಾವ. ಟ್ರ್ಯಾಕ್ಟರ್, ಜೀಪು, ಕಾರು, ಪಂಪು, ಔಷಧ ಹೊಡೆಯೂ ಯಂತ್ರ, ಎಲ್ಲದರಾಗೂ ಇಂಜಿನ್ ಐತಿ. ಸದಸ್ಯರ ಸಾಲದ ಅರ್ಜಿಯಾಗ ರಿಪೇರಿ ಖರ್ಚಿನ ಮಾತು ಬರತಾವ. ಆ ಅರ್ಜಿಯಲ್ಲಿ ಒಂದು ನಮ್ಮದೂ ಇತ್ತು. ಅದರ ಕಥೆಯನ್ನೇ ಇವತ್ತು ಹೇಳುವುದು. ಇದರಲ್ಲಿ ನಮ್ಮ ಮರ್ಯಾದೆ ಹೆಚ್ಚಾಗುವಂಥದ್ದೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇವೆ.

ನಾವು ಅಂದರೆ ನಮ್ಮ ಮನೆಯ ಮೂವರು ಅಣ್ಣತಮ್ಮಂದಿರು. ಕೆಲವು ವರ್ಷಗಳ ಹಿಂದೆ ಮೂವರೂ ಕೂಡಿ ಒಂದು ಹಳೆಯ ಡೀಸೆಲ್ ಕಾರು ಕೊಂಡೆವು. ಎರಡು ಕೈ ಬದಲಾಗಿ ಬಂದಿದ್ದು. ಮನೆಯಲ್ಲಿ ವಯಸ್ಸಾದ ತಾಯಿ, ತಿಂಗಳಿಗೊಮ್ಮೆ ಹುಬ್ಬಳ್ಳಿ ದವಾಖಾನೆಗೆ ಹೋಗಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಓಡಾಟ. ಓಣಿಯಲ್ಲಿ ಯಾರಿಗಾದರೂ ರಾತ್ರಿ ಹೆರಿಗೆ ಬ್ಯಾನಿ ಬಂದರೂ ನಮ್ಮ ಬಾಗಿಲ ಬಡಿಯುತ್ತಿದ್ದರು. ಕಾರು ಓಡಿಸಲಿಕ್ಕೆ ನಮ್ಮ ಓಣಿಯ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೆವು. ತಂದೆ ಇಲ್ಲದ ಹುಡುಗ. ಗಾಡಿ ಒರೆಸುವುದು, ಮುಂಜಾನೆ ನೀರು, ಆಯಿಲ್ ನೋಡುವುದು, ಯಾವುದನ್ನೂ ತಪ್ಪಿಸುತ್ತಿರಲಿಲ್ಲ.

ಒಂದು ಕಾರ್ತಿಕದಲ್ಲಿ ಇಂಜಿನ್ ಮುಂಭಾಗದ ಆಯಿಲ್ ಸೀಲ್ ಸೋರತೊಡಗಿತು. ಅದನ್ನು ಹಾಕಿಸಲು ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆವು. ಮರುದಿನ ನಮ್ಮ ಮನೆಯಲ್ಲಿ ಮದುವೆಯ ನಿಶ್ಚಯ. ನಾವು ಮಿಸ್ತ್ರಿಯ ತಲೆಯ ಮೇಲೆ ನಿಂತು "ಲಗೂನ ಮುಗಸಪಾ, ಹೊತ್ತಾತು" ಅಂತ ಅವಸರ ಮಾಡಿದೆವು. ಅವನು ಕತ್ತಲಾಗುವುದರೊಳಗೆ ಮುಗಿಸಿಕೊಟ್ಟ. ಸೋರುವುದು ನಿಂತಿತು. ಈ ಮಾತು ನೆನಪಿಟ್ಟುಕೊಳ್ಳಿರಿ, ಮುಂದೆ ಬರುತ್ತದೆ.

ನಾಲ್ಕು ತಿಂಗಳ ಮೇಲೆ ಹುಡುಗ ಬಂದು ಹೇಳಿದ: "ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಟಕ್ ಟಕ್ ಅಂತೈತ್ರಿ. ರೇಸ್ ಕೊಟ್ರ ಹೋಗತೈತಿ." ನಾವು "ಹಳೆ ಗಾಡಿ, ಸಪ್ಪಳ ಮಾಡೂದ ಅದು" ಅಂದೆವು. ಎಂಟು ದಿನ ಬಿಟ್ಟು ಮತ್ತೆ ಹೇಳಿದ: "ಬಂದ್ ಮಾಡುವಾಗ ಕಡಕ್ ಅಂತೈತ್ರಿ." ಆಗಲೂ ಲಕ್ಷ್ಯ ಕೊಡಲಿಲ್ಲ. ಮೆಣಸಿನಕಾಯಿ ಬಿಡಿಸುವ ದಿನ, ಆಳು ಸಿಗುವುದಿಲ್ಲ, ಯಾರಿಗೆ ಪುರುಸೊತ್ತು?

ಒಂದು ಸಂಜೆ ತಾಯಿಯನ್ನು ದವಾಖಾನೆಯಿಂದ ಕರೆದುಕೊಂಡು ಬರುವಾಗ ಸಂಶಿ ಹತ್ತಿರ ಸಪ್ಪಳ ಜೋರಾಯಿತು. ಸುತ್ತಿಗೆಯಿಂದ ಬಡಿದ ಹಾಗೆ. ಹೇಗೋ ಊರು ಮುಟ್ಟಿದೆವು. ಮರುದಿನ ಮತ್ತೆ ಹುಬ್ಬಳ್ಳಿಗೆ ಒಯ್ದಾಗ ಅಲ್ಲಿಯವರು ಅರ್ಧ ನಿಮಿಷ ಕೇಳಿ, "ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗ್ಯಾವ, ಇಂಜಿನ್ ಪೂರಾ ಬಿಚ್ಚಬೇಕು, ಆಯಿಲ್ ಇಲ್ದ ಓಡಿಸ್ಯಾರ" ಅಂದರು. ನಲವತ್ತೈದು ಸಾವಿರದ ಅಂದಾಜು ಬರೆದುಕೊಟ್ಟರು.

"ಆಯಿಲ್ ಇಲ್ದ ಓಡಿಸ್ಯಾರ" ಅನ್ನುವ ಮಾತು ಕೇಳಿದ್ದೇ ತಡ, ನಮ್ಮ ಸಿಟ್ಟೆಲ್ಲ ಆ ಹುಡುಗನ ಮೇಲೆ ಹೋಯಿತು. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಬೈದೆವು. "ನಾ ದಿನಾ ನೋಡೇನ್ರಿ, ಆಯಿಲ್ ಇತ್ತು" ಅಂತ ಅವನು ಹೇಳಿದ. ನಾವು ಕೇಳಲಿಲ್ಲ. ಕೆಲಸದಿಂದ ಬಿಡಿಸಿದೆವು. ಆ ತಿಂಗಳ ಪಗಾರವನ್ನೂ ಹಿಡಿದುಕೊಂಡೆವು.

ಆಮೇಲೆ ಸಂಘಕ್ಕೆ ಸಾಲದ ಅರ್ಜಿ ಹಾಕಿದೆವು. ನಾವೇ ಡೈರೆಕ್ಟರ್, ತಡ ಏನಾದೀತು ಅಂತ ತಿಳಿದಿದ್ದೆವು. ಅರ್ಜಿ ಬಂದಾಗ ರಿವಾಜಿನಂತೆ ನಾವು ಹೊರಗೆ ಕುಳಿತೆವು. ಒಳಗಿನಿಂದ ಒಂದು ಪ್ರಶ್ನೆ ಬರೆದುಕೊಂಡು ನಮ್ಮ ಅರ್ಜಿ ತಿರುಗಿ ಬಂತು: "ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು, ಅಂದಾಜಿನಲ್ಲಿ ಬರೆದಿಲ್ಲ." ನಿಜ ಹೇಳಬೇಕಂದ್ರ ನಮಗೆ ಅವಮಾನ ಆತು. ಮನೆಗೆ ಹೋಗಿ ಊಟ ಮಾಡಲಿಲ್ಲ. ಆದರೆ ರಾತ್ರಿ ಮಲಗಿಕೊಂಡು ವಿಚಾರ ಮಾಡಿದಾಗ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಹೇಗೆ ಗೊತ್ತಾಯಿತು? ಯಾರೋ ಅಂದರು, ನಾವು ನಂಬಿದೆವು, ಅಷ್ಟೇ.

ಎರಡು ದಿನದ ಮೇಲೆ ಲಕ್ಷ್ಮೇಶ್ವರದಿಂದ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆಸಿದೆವು. ಬಂದವರು ಪಾನಾ ಚೀಲ ಕೆಳಗಿಟ್ಟು, ಬಿಚ್ಚಲಿಕ್ಕೆ ಕೈ ಹಾಕದೆ ನಮ್ಮನ್ನೇ ಕೇಳಿದರು: "ಈ ಸಪ್ಪಳ ಯಾವಾಗಿಂದ? ತಣ್ಣಗಿದ್ದಾಗ ಹೆಚ್ಚೋ, ಕಾದಾಗ ಹೆಚ್ಚೋ? ಏರಿ ಹತ್ತುವಾಗ ಹೆಚ್ಚಾಗತೈತೋ, ಸುಮ್ಮನೆ ನಿಂತಾಗೋ? ಇದಕ್ಕ ಮೊದಲ ಏನು ಕೆಲಸ ಮಾಡಿಸಿದ್ರಿ?" ಒಂದಕ್ಕೂ ನಮಗೆ ಸರಿಯಾಗಿ ಹೇಳಲು ಬರಲಿಲ್ಲ. ಹೇಳಬಲ್ಲವನನ್ನು ನಾವೇ ಓಡಿಸಿದ್ದೆವು.

ಅವರು ಮಾಡಿದ ಪರೀಕ್ಷೆಯನ್ನು ಒಂದೊಂದಾಗಿ ಹೇಳುತ್ತೇವೆ, ಯಾಕಂದರೆ ಇದು ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು.

ಮೊದಲನೆಯದು ಆಯಿಲ್. ಡಿಪ್‌ಸ್ಟಿಕ್ ತೆಗೆದು ನೋಡಿದರು, ಎರಡು ಗೆರೆಯ ನಡುವೆ ಇತ್ತು. ಒಂದು ಹನಿಯನ್ನು ಬಿಳಿ ಅರಿವೆಯ ಮೇಲೆ ಹಾಕಿ ಬಿಸಿಲಿಗೆ ಹಿಡಿದರು, ಬೆರಳ ನಡುವೆ ತಿಕ್ಕಿದರು. ಬೇರಿಂಗ್ ಸವೆದು ಹೋಗಿದ್ದರೆ ಎಷ್ಟೋ ಸಲ ಆಯಿಲಿನಲ್ಲಿ ಲೋಹದ ಸಣ್ಣ ಪುಡಿ ಮಿಣಮಿಣ ಅನ್ನುತ್ತದೆ. ಕಪ್ಪಗಿತ್ತು, ಮಿಣುಕು ಇರಲಿಲ್ಲ. ಚಾಲೂ ಮಾಡಿದರೆ ಆಯಿಲಿನ ಕೆಂಪು ದೀಪ ಕೂಡಲೇ ಆರಿತು. "ಆಯಿಲ್ ಇಲ್ದ ಓಡಿದ ಇಂಜಿನ್ ಅಲ್ಲ ಇದು" ಅಂದರು. ನಮ್ಮ ಎದೆ ಧಸಕ್ ಅಂತು. ಈ ಡಿಪ್‌ಸ್ಟಿಕ್ಕನ್ನು ನಾವೂ ಎಳೆದು ನೋಡಬಹುದಾಗಿತ್ತಲ್ಲ!

ಎರಡನೆಯದು ಲೆಕ್ಕ. ನಮ್ಮ ಇಂಜಿನ್ನುಗಳಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ವಾಲ್ವ್ ಎತ್ತುವ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಸುಮ್ಮನೆ ನಿಂತ ಇಂಜಿನ್ ಮಿನಿಟಿಗೆ 800 ಸುತ್ತು ತಿರುಗಿದರೆ ಕ್ಯಾಮ್ 400 ಸುತ್ತು. ಮೇಲಿನ ಟ್ಯಾಪೆಟ್ ಸಪ್ಪಳ ನಿಧಾನ ಲಯ, ಕ್ರ್ಯಾಂಕಿನ ಸಪ್ಪಳ ಅದರ ದುಪ್ಪಟ್ಟು. ಇದನ್ನು ಕಿವಿಯಿಂದಲೇ ಹಿಡಿಯಬಹುದು. ನಾವು ಕುಂದಗೋಳ ತಾಲೂಕಿನವರು. ಸವಾಯಿ ಗಂಧರ್ವರ ನೆಲ ಇದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ರೈಲು ಮಾರ್ಗದಲ್ಲಿ ಕುಂದಗೋಳಕ್ಕೆ ಬಂದು ಕಲಿತು ಹೋದವರು. ತಾಳ ಏಕತಾಲವೋ ತೀನತಾಲವೋ ಅಂತ ಗುರುತಿಸುವ ಕಿವಿ ನಮ್ಮ ಭಾಗದಾಗ ಇರುವಾಗ ಇಷ್ಟು ಲೆಕ್ಕ ಕಷ್ಟವೇನಲ್ಲ. ನಮ್ಮ ಕಾರಿನ ಟಕ್ ಟಕ್ ಜಲದಿ ಲಯದ್ದು, ಅಂದರೆ ಕ್ರ್ಯಾಂಕಿಗೆ ಸಂಬಂಧಪಟ್ಟಿದ್ದು. ಇಲ್ಲಿಯವರೆಗೆ ಹುಬ್ಬಳ್ಳಿಯವರ ಮಾತೇ ಖರೆ ಅನ್ನುವ ಹಾಗಿತ್ತು.

ಮೂರನೆಯದು, ಒಂದೊಂದೇ ಸಿಲಿಂಡರಿನ ಪರೀಕ್ಷೆ. ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿದರೆ ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ರಾಡಿನ ಬೇರಿಂಗ್ ಹೋಗಿದ್ದರೆ, ಆ ಸಿಲಿಂಡರ್ ನಿಲ್ಲಿಸಿದಾಗ ಹೊಡೆತ ಕಡಿಮೆಯಾಗಿ ಸಪ್ಪಳ ಇಳಿಯಬೇಕು. ನಾಲ್ಕನ್ನೂ ಒಂದಾದ ಮೇಲೆ ಒಂದು ಸಡಿಲಿಸಿ ಬಿಗಿ ಮಾಡಿದರು. ಪ್ರತಿ ಸಲ ಇಂಜಿನ್ ನಡುಗಿತು, ಆದರೆ ಟಕ್ ಟಕ್ ಮಾತ್ರ ಇದ್ದ ಹಾಗೇ ಇತ್ತು. ಮಿಸ್ತ್ರಿ ನಕ್ಕರು. "ನಾಲ್ಕು ಮಂದಿ ಸಾಕ್ಷಿ ಹೇಳಿದ್ರು ನೋಡ್ರಿ, ನಾವಲ್ಲ ಅಂತ."

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಪರೀಕ್ಷೆ ಹಳೆಯ ಪಂಪಿನ ಇಂಜಿನ್ನಿಗೆ ಮಾತ್ರ, ಅದೂ ತಿಳಿದವರ ಕೈಯಿಂದ. ಈಗಿನ ಕಾಮನ್ ರೇಲ್ ಇಂಜಿನ್ನಿನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರಿಗಿಂತ ಮೇಲೆ ಹೋಗುತ್ತದೆ. ಓಡುವ ಇಂಜಿನ್ನಿನ ನಟ್ ಸಡಿಲಿಸಿದರೆ ಆ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ, ಕೈ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಗಾಡಿ ಇದ್ದವರು ಇದನ್ನು ಮುಟ್ಟಲೇಬ್ಯಾಡ್ರಿ. ಅವಕ್ಕೆ ಕಂಪ್ಯೂಟರ್ ಹಚ್ಚಿ ನೋಡುವ ಪದ್ಧತಿ ಇದೆ.

ನಾಲ್ಕನೆಯದು ಕಿವಿಗೋಲು. ಮಿಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡರು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ಡಾಕ್ಟರು ಕಾಗದದ ಸುರುಳಿ ಮಾಡಿ ರೋಗಿಯ ಎದೆಗೆ ಹಚ್ಚಿ ಕೇಳಿದ್ದೇ ಸ್ಟೆತಾಸ್ಕೋಪಿನ ಹುಟ್ಟು. ಇದೂ ಅದೇ ಯುಕ್ತಿ. ನಮಗೇನು ಹೊಸದಲ್ಲ ಬಿಡ್ರಿ. ಎತ್ತು ಮೇವು ಬಿಟ್ಟರೆ ಎಡಗಡೆಯ ಪಕ್ಕೆಗೆ ಕಿವಿ ಕೊಟ್ಟು ಹೊಟ್ಟೆ ಆಡುತ್ತಿದೆಯೋ ಇಲ್ಲವೋ ನೋಡುತ್ತೇವೆ. ಮಿನಿಟಿಗೆ ಒಂದೆರಡು ಸಲ ಗುಡುಗುಡು ಅಂದರೆ ಎತ್ತು ಪಾಡಾಗಿದೆ. ಎತ್ತಿನ ಹೊಟ್ಟೆ ಕೇಳಿದವರು ಇಂಜಿನ್ ಕೇಳಲಾರೆವೇ? ನಮಗೂ ಕೋಲು ಕೊಟ್ಟರು. ಹಿಂದೆ ಹಚ್ಚಿದರೆ ಸಪ್ಪಳ ದೂರ, ನಡುವೆ ಹಚ್ಚಿದರೆ ಸ್ವಲ್ಪ ಹತ್ತಿರ, ಮುಂದಿನ ಮುಚ್ಚಳಕ್ಕೆ ಹಚ್ಚಿದರೆ ಕಿವಿಯಲ್ಲೇ ಹೊಡೆದ ಹಾಗೆ!

ಐದನೆಯದು ಬೆಲ್ಟ್. ಇಂಜಿನ್ ಬಂದ್ ಮಾಡಿ ಬೆಲ್ಟ್ ತೆಗೆದು, ಅರ್ಧ ಮಿನಿಟು ಮಾತ್ರ ಚಾಲೂ ಮಾಡಿದರು. ಬೆಲ್ಟ್ ಇಲ್ಲದಾಗ ನೀರಿನ ಪಂಪೂ ತಿರುಗುವುದಿಲ್ಲ, ಹೆಚ್ಚು ಹೊತ್ತು ಓಡಿಸಿದರೆ ಇಂಜಿನ್ ಕಾಯುತ್ತದೆ. ಸಪ್ಪಳದ ರೂಪವೇ ಬದಲಾಯಿತು. ಬೇರಿಂಗಿನ ಸಪ್ಪಳ ಬೆಲ್ಟ್ ತೆಗೆದರೆ ಯಾಕೆ ಬದಲಾಗಬೇಕು? ಮತ್ತೆ ಬಂದ್ ಮಾಡಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ಕೈಯಿಂದ ತಿರುಗಿಸಿದರು, ನುಣ್ಣಗೆ ತಿರುಗಿದವು. ಕಡೆಗೆ ಕ್ರ್ಯಾಂಕಿನ ಮುಂದಿನ ಪುಲ್ಲಿಯನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದರು. ಕಟಕ್ ಅಂತು.

ಬ್ಯಾಟರಿ ಹಚ್ಚಿ ನೋಡಿದರೆ ಪುಲ್ಲಿಯ ನಡುವಿನ ಬೋಲ್ಟಿನ ಸುತ್ತ ಕೆಂಪು ಪುಡಿ. ಕಬ್ಬಿಣ ಕಬ್ಬಿಣಕ್ಕೆ ತಿಕ್ಕಿ ಉದುರಿದ ತುಕ್ಕಿನ ಪುಡಿ ಅದು. ಬೋಲ್ಟ್ ಸಡಿಲಾಗಿತ್ತು. ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಚಾವಿ ಸವೆದು ಅರ್ಧವಾಗಿತ್ತು. ಇಂಜಿನ್ ನಿಧಾನ ತಿರುಗುವಾಗ ಪ್ರತಿ ಹೊಡೆತಕ್ಕೂ ಪುಲ್ಲಿ ಮುಂದೆ ಹಿಂದೆ ಬಡಿಯುತ್ತಿತ್ತು. ರೇಸ್ ಕೊಟ್ಟಾಗ ಒಂದೇ ಕಡೆ ಒತ್ತಿ ನಿಲ್ಲುತ್ತಿತ್ತು, ಅದಕ್ಕೆ ಸಪ್ಪಳ ಇಳಿಯುತ್ತಿತ್ತು. ಬಂದ್ ಮಾಡುವಾಗ ಕಡಕ್ ಅನ್ನುತ್ತಿತ್ತು. ಹುಡುಗ ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ಅದೇ!

"ಇದನ್ನ ಯಾವಾಗ ಬಿಚ್ಚಿದ್ರಿ?" ಅಂತ ಕೇಳಿದರು. ಮುಂದಿನ ಆಯಿಲ್ ಸೀಲ್ ಹಾಕಬೇಕಂದರೆ ಈ ಪುಲ್ಲಿಯನ್ನು ತೆಗೆಯಲೇಬೇಕು. ತಿರುಗಿ ಕೂಡಿಸುವಾಗ ಟಾರ್ಕ್ ಪಾನಾ ಹಚ್ಚಿ, ಪುಸ್ತಕದಲ್ಲಿ ಬರೆದಷ್ಟು ಬಿಗಿ ಮಾಡಬೇಕು. ಅವತ್ತು ಆ ಮಿಸ್ತ್ರಿ ಕೈ ಅಳತೆಯಲ್ಲಿ ಬಿಗಿ ಮಾಡಿದ್ದ. ಯಾಕೆ? ನಾವು ತಲೆಯ ಮೇಲೆ ನಿಂತಿದ್ದೆವು. ನಿಶ್ಚಯಕ್ಕೆ ಹೊತ್ತಾಗಿತ್ತು.

ಹೊಸ ಪುಲ್ಲಿ, ಹೊಸ ಚಾವಿ, ಬೋಲ್ಟ್, ವಾಷರ್ ತರಿಸಿದೆವು. ಕ್ರ್ಯಾಂಕಿನಲ್ಲಿ ಚಾವಿ ಕೂಡ್ರುವ ಗಾಡಿ ಪುಣ್ಯಕ್ಕೆ ಕೆಟ್ಟಿರಲಿಲ್ಲ. ಇನ್ನೊಂದು ತಿಂಗಳು ಓಡಿಸಿದ್ದರೆ ಅದೂ ಕೆಟ್ಟು, ಇಂಜಿನ್ ಪೂರಾ ಬಿಚ್ಚುವ ಕೆಲಸವೇ ಬರುತ್ತಿತ್ತು. ಟಾರ್ಕ್ ಪಾನಾದಿಂದ ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ಪುಲ್ಲಿಯ ತನಕ ಬಿಳಿ ಬಣ್ಣದ ಒಂದು ಗೆರೆ ಎಳೆದರು. ಬೋಲ್ಟ್ ತಿರುಗಿದರೆ ಗೆರೆ ತುಂಡಾಗುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗುವ ಹಾಗೆ ಬಿಗಿ ಮಾಡಿದರು. ಮಜೂರಿ ಸೇರಿ ಖರ್ಚು ಎರಡು ಸಾವಿರದ ಎಂಟುನೂರು. ನಲವತ್ತೈದು ಸಾವಿರ ಎಲ್ಲಿ, ಇದೆಲ್ಲಿ! ಸಾಲದ ಅರ್ಜಿಯನ್ನು ನಾವೇ ಹಿಂದಕ್ಕೆ ತೆಗೆದುಕೊಂಡೆವು.

ಹಾಗಂತ ಸಪ್ಪಳ ಎಲ್ಲ ಸಣ್ಣದು ಅಂತ ತಿಳಿಯಬ್ಯಾಡ್ರಿ. ಇದಕ್ಕೂ ಮೊದಲು ನಮ್ಮದೇ ಟ್ರ್ಯಾಕ್ಟರಿನಲ್ಲಿ ಉಲ್ಟಾ ಆಗಿತ್ತು. ಎರಿ ಹೊಲದಲ್ಲಿ ರಂಟೆ ಹೊಡೆಯುವಾಗ ಆಯಿಲಿನ ಮುಳ್ಳು ಕೆಳಗಿಳಿದಿತ್ತು, ತಳದಿಂದ ದಡ್ ದಡ್ ಅಂತ ದಪ್ಪ ಸಪ್ಪಳ ಬರುತ್ತಿತ್ತು. "ಇನ್ನೆರಡು ಸಾಲು ಮುಗಸೂಣು" ಅಂತ ಓಡಿಸಿದೆವು. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಸಂದು ಒಂದು ಕೂದಲೆಳೆಯಷ್ಟು, ಆ ಸಂದಿನಲ್ಲಿ ಆಯಿಲಿನ ಪದರ ಇರುವ ತನಕ ಮಾತ್ರ ಇಂಜಿನ್ ಬದುಕು. ಎರಡು ಸಾಲು ಮುಗಿಯುವುದರೊಳಗೆ ಇಂಜಿನ್ ಹಿಡಿದುಕೊಂಡಿತು. ಆ ವರ್ಷದ ಹತ್ತಿಯ ರೊಕ್ಕ ಅದಕ್ಕೇ ಹೋಯಿತು. ಹೆದರಿ ಸಣ್ಣ ಸಪ್ಪಳಕ್ಕೆ ದೊಡ್ಡ ಖರ್ಚು ಮಾಡುವುದೂ ತಪ್ಪು, ಧೈರ್ಯ ಮಾಡಿ ದೊಡ್ಡ ಸಪ್ಪಳವನ್ನು ಅಲಕ್ಷ್ಯ ಮಾಡುವುದೂ ತಪ್ಪು. ಎರಡೂ ತಪ್ಪು ನಾವು ಮಾಡಿದ್ದೇವೆ.

ಅದಕ್ಕೆ ಆ ಹಿರಿಯರಿಂದ ಕಲಿತ ನಾಲ್ಕು ಗುರುತು ಹೇಳುತ್ತೇವೆ, ಮನೆಯಲ್ಲಿ ಗಾಡಿ ಇದ್ದವರು ಬರೆದಿಟ್ಟುಕೊಳ್ಳಿರಿ.

ಮುಂಜಾನೆ ಕಿರ್ರ್ ಅಂತ ಚೀರಿ ಆಮೇಲೆ ನಿಂತರೆ ಬಹುಶಃ ಬೆಲ್ಟ್ ಸಡಿಲು. ಘರ್ರ್ ಅಂತ ಬೀಸುಕಲ್ಲಿನ ಸಪ್ಪಳ ಮುಂದಿನಿಂದ ಬಂದರೆ ನೀರಿನ ಪಂಪಿನದೋ ಆಲ್ಟರ್ನೇಟರಿನದೋ ಬೇರಿಂಗ್ ನೋಡಿಸಿರಿ.

ಮೇಲಿನಿಂದ ನಿಧಾನ ಲಯದಲ್ಲಿ ಟಿಕ್ ಟಿಕ್ ಬಂದರೆ ಟ್ಯಾಪೆಟ್ ಸಂದು ಹೆಚ್ಚಾಗಿರುತ್ತದೆ, ಅಳತೆಗೆ ತಂದರೆ ಸಾಕು.

ತಣ್ಣಗಿದ್ದಾಗ ಚಟ್ ಚಟ್ ಅಂದು ಕಾದ ಮೇಲೆ ಕಡಿಮೆಯಾದರೆ, ಹೊಗೆ ಹೋಗುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸುಟ್ಟಿರಬಹುದು. ಅಲ್ಲಿ ಕರಿ ಮಸಿಯ ಗುರುತು ಕಾಣುತ್ತದೆ.

ತಳದಿಂದ ದಡ್ ದಡ್ ಅಂತ ದಪ್ಪ ಹೊಡೆತ, ಏರಿಯಲ್ಲಿ ಹೆಚ್ಚು, ಜೊತೆಗೆ ಆಯಿಲಿನ ದೀಪ ಹತ್ತಿದರೆ ಒಂದು ಮಾರು ಸಹ ಮುಂದೆ ಹೋಗಬ್ಯಾಡ್ರಿ. ಬಂದ್ ಮಾಡಿ ಎಳೆಸಿಕೊಂಡು ಹೋಗ್ರಿ.

ಡೀಸೆಲ್ ಇಂಜಿನ್ನಿನ ಸಹಜ ಕಟಕಟ ಬೇರೆ, ಅದು ಹುಟ್ಟುಗುಣ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಿಂದಲೇ ಎಣ್ಣೆ ಹೊತ್ತಿಸುವ ಯಂತ್ರ ಅದು. ನಿಮ್ಮ ಗಾಡಿ ಪಾಡಾಗಿದ್ದಾಗ ಹೇಗೆ ಸಪ್ಪಳ ಮಾಡುತ್ತದೆ ಅನ್ನುವುದನ್ನು ಮೊದಲು ಕೇಳಿ ಇಟ್ಟುಕೊಳ್ಳಿರಿ. ಆಗ ಮಾತ್ರ ಹೊಸ ಸಪ್ಪಳ ಗೊತ್ತಾಗುತ್ತದೆ. ಇಂಜಿನ್ ಓಡುವಾಗ ಬಾಗಿ ನೋಡುವವರು ಧೋತರದ ಸೆರಗು, ಶಲ್ಯ ಬಿಗಿ ಕಟ್ಟಿಕೊಳ್ಳಿರಿ, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಬಾಗಿಲ ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬೇಡಿರಿ, ಆ ಹೊಗೆ ಜೀವ ತೆಗೆಯುತ್ತದೆ.

ಈಗ ಕಡೆಯ ಮಾತು. ಗಾಡಿ ಸರಿಯಾದ ಸಂಜೆಯೇ ನಾವು ಮೂವರೂ ಆ ಹುಡುಗನ ಮನೆಗೆ ಹೋದೆವು. ಹಿಡಿದಿದ್ದ ಪಗಾರ ಕೊಟ್ಟೆವು, ತಪ್ಪಾಯಿತು ಅಂದೆವು. ಅವನು ಮನೆಯಲ್ಲಿ ಇರಲಿಲ್ಲ, ಆಗಲೇ ಹುಬ್ಬಳ್ಳಿಯಲ್ಲಿ ಬೇರೆ ಕಡೆ ಕೆಲಸಕ್ಕೆ ಹತ್ತಿದ್ದ. ಅವನ ತಾಯಿ ಚಹಾ ಮಾಡಿ ಕೊಟ್ಟರು. ಪಗಾರ ಎಣಿಸಲಿಲ್ಲ. "ರೊಕ್ಕ ಇರಲಿ ಬಿಡ್ರಿ, ನಾಲ್ಕು ಮಂದಿ ಮುಂದ ಬೈದ್ರಿ, ನಾಲ್ಕು ಮಂದಿ ಮುಂದ ಒಂದ ಮಾತು ಹೇಳ್ರಿ" ಅಂದರು.

ಆಗ ಕಟ್ಟೆಯ ಮೇಲೆ ಹೇಳಿದೆವು. ಇವತ್ತು ಇಷ್ಟು ಜನ ಕೂಡಿದ ಸಭೆಯಲ್ಲಿ ಮತ್ತೊಮ್ಮೆ ಹೇಳುತ್ತೇವೆ. ಆ ಹುಡುಗನ ತಪ್ಪು ಏನೂ ಇರಲಿಲ್ಲ. ಅವನು ಎರಡು ಸಲ ಹೇಳಿದ್ದ, ನಾವು ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಅವನ ಕೆಲಸ ಈಗ ಚಲೋ ನಡೆದಿದೆ. ನಮ್ಮಲ್ಲಿಗೆ ತಿರುಗಿ ಬರಲಿಲ್ಲ, ಅದು ಸರಿಯೇ.

ನಮ್ಮ ಸಂಘದ ಗಾಡಿಯೂ ಇಪ್ಪತ್ತೈದು ವರ್ಷ ಓಡಿದೆ. ಅಲ್ಲಿ ಇಲ್ಲಿ ಸಪ್ಪಳ ಬರುವುದು ಸಹಜ. ಸಾಲ ಬಾಕಿ ಬಿದ್ದಾಗ, ಗೊಬ್ಬರ ತಡವಾದಾಗ ಯಾರನ್ನೋ ಒಬ್ಬರನ್ನು ಹಿಡಿದು ಬೈಯುವುದು ಬಹಳ ಸುಲಭ. ನಮ್ಮ ಅರ್ಜಿಗೆ ಅಂದು ಕೇಳಿದ ಪ್ರಶ್ನೆಯನ್ನೇ ಎಲ್ಲದಕ್ಕೂ ಕೇಳೋಣ: ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು? ಡೈರೆಕ್ಟರ್ ಅಂತ ನೋಡದೆ ಆ ಪ್ರಶ್ನೆ ಕೇಳಿದ ಅಂದಿನ ಮಂಡಳಿಗೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆ ಹೇಳಿ, ನಮ್ಮ ಎರಡು ಮಾತು ಮುಗಿಸುತ್ತೇವೆ.